ಓವರ್‌ಸಿಯರ ಗಾಡಿ ಮತ್ತು ನಿಂಬೆಹಣ್ಣು

ನಾನು ಓದು ಬಿಟ್ಟದ್ದು ಸಾವಿರದ ಒಂಬೈನೂರ ಅರವತ್ತೊಂದರಲ್ಲಿ, ಏಳನೆಯ ತರಗತಿಯ ನಡುವೆ. ಬಡತನದಿಂದ ಬಿಟ್ಟೆ ಎಂದು ಬರೆದರೆ ಓದುವವರಿಗೆ ಮರುಕ ಬರುತ್ತದೆ, ಆದರೆ ಅದು ಸುಳ್ಳಾಗುತ್ತದೆ. ಬಸರಾಳಿನ ಹತ್ತಿರ ನಮಗೆ ಗದ್ದೆಯಿತ್ತು, ಕಬ್ಬಿತ್ತು, ಸ್ವಂತದ ಆಲೆಮನೆಯೂ ಇತ್ತು. ನಾನು ಬಿಟ್ಟದ್ದು ಭಿನ್ನರಾಶಿಯ ದೆಸೆಯಿಂದ. ಅರ್ಧಕ್ಕೆ ಮೂರನೆಯ ಒಂದು ಭಾಗ ಕೂಡಿಸಿದರೆ ಎಷ್ಟು ಎಂದು ಮೇಷ್ಟ್ರು ಕೇಳಿದರು. ಒಂದು ಸಾಮಾನನ್ನು ಅರ್ಧ ಮಾಡಿದ ಮೇಲೆ ಅದು ಕೆಟ್ಟ ಹಾಗೆ ಲೆಕ್ಕ, ಇನ್ನು ಅದಕ್ಕೆ ಏನು ಕೂಡಿಸಿದರೂ ಬರುವುದಿಲ್ಲ ಎಂದೆ. ಬೆಂಚಿನ ಮೇಲೆ ನಿಲ್ಲಿಸಿದರು. ಅಲ್ಲಿ ನಿಂತರೆ ಕಿಟಕಿಯಾಚೆ ನಮ್ಮ ಆಲೆಮನೆಯ ಹೊಗೆ ಕಾಣುತ್ತಿತ್ತು, ಕಬ್ಬು ಅರೆಯುವ ಎಂಜಿನಿನ ಸದ್ದು ಕೇಳುತ್ತಿತ್ತು. ಆ ಸದ್ದು ಎರಡು ಸಲ ತಪ್ಪಿ, ಮೂರನೆಯ ಸಲಕ್ಕೆ ನಿಂತುಹೋಯಿತು. ಎಂಜಿನು ಕೆಟ್ಟಿತೆಂದು ಬೆಂಚಿಳಿದು ಓಡಿದವನು ಮತ್ತೆ ಹತ್ತಲಿಲ್ಲ.

ಆ ಎಂಜಿನಿನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಅದು ಆಳೆತ್ತರದ ಚಕ್ರವಿದ್ದ ಹಳೆಯ ಎಣ್ಣೆ ಎಂಜಿನು. ನಾನು ಚಿಕ್ಕವನಿದ್ದಾಗ ಅದರೊಳಗೆ ಒಬ್ಬ ಮನುಷ್ಯ ಕುಳಿತಿದ್ದಾನೆಂದು ನಂಬಿದ್ದೆ. ಹಾಗೆ ನಂಬಿಸಿದವನು ನಮ್ಮಪ್ಪ. ಕೈ ಹಾಕದಿರಲಿ ಎಂದು ಹೇಳಿದ್ದಿರಬೇಕು. ಆದರೆ ಹಂಗಾಮು ಶುರುವಾಗುವ ದಿನ ಅಪ್ಪನೇ ಅದಕ್ಕೆ ವಿಭೂತಿ ಬಳಿದು, ಕರ್ಪೂರ ಹಚ್ಚಿ, ಚಕ್ರದ ಮುಂದೆ ನಿಂಬೆಹಣ್ಣು ಇಟ್ಟು ಕೈಮುಗಿದು, ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದ. ಆ ಎರಡು ಹೆಜ್ಜೆ ನೋಡಿದ ಮೇಲೆ, ಹೇಳಿದ್ದು ನನ್ನನ್ನು ಹೆದರಿಸುವುದಕ್ಕೋ ಅಥವಾ ಅವನಿಗೇ ಅನುಮಾನವಿತ್ತೋ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಇದೆಲ್ಲ ಈಗ ನೆನಪಾದದ್ದು ಹೋದ ವಾರ ನನ್ನ ಅಂಗಡಿಯಲ್ಲಿ ರಿಪೇರಿಗೆ ಬಿಟ್ಟಿದ್ದ ಸ್ಕೂಟರ್ ತೆಗೆದುಕೊಂಡು ಹೋಗಲು ಬಂದ ಬ್ಯಾಂಕಿನವರೊಬ್ಬರಿಂದ. ರಿಪೇರಿಯಾದ ಗಾಡಿಯನ್ನು ಗಿರಾಕಿಯ ಕೈಗೆ ಕೊಡುವ ಮೊದಲು ನಾನೇ ಒಂದು ಸುತ್ತು ಓಡಿಸುತ್ತೇನೆ. ಸ್ಟಾರ್ಟ್ ಮಾಡುತ್ತೇನೆ, ಕತ್ತು ಪೂರಾ ತಿರುಗಿಸಿ ಹಿಂದೆ ನೋಡುತ್ತೇನೆ, ಆಮೇಲೆ ಗೇರು ಹಾಕುತ್ತೇನೆ. ಅವರು ಅದನ್ನು ಗಮನಿಸಿ, "ಹಿಂದೆ ಯಾರಿದ್ದಾರೆ ಗೌಡ್ರೇ, ಇರೋದು ಬರೀ ಗೋಡೆ" ಎಂದರು. ಯಾರೂ ಇಲ್ಲವೆಂದು ನೋಡಿಕೊಳ್ಳುತ್ತೇನೆ ಅಷ್ಟೆ ಎಂದು ಹೇಳಿ ಕಳಿಸಿದೆ. ಅದು ಎಪ್ಪತ್ತಾರರಿಂದ ಬಂದ ಅಭ್ಯಾಸ.

ಎಪ್ಪತ್ತಾರರಲ್ಲಿ ಮದ್ದೂರಿನಲ್ಲಿ ನನ್ನ ಅಂಗಡಿ ಹಾಕಿ ಏಳು ವರ್ಷವಾಗಿತ್ತು. ಅದಕ್ಕೆ ಮೊದಲು ಮಂಡ್ಯದಲ್ಲಿ ಉಸ್ತಾದ್ ಎಂದೇ ಎಲ್ಲರೂ ಕರೆಯುತ್ತಿದ್ದ ಹಳೆಯ ಮೆಕ್ಯಾನಿಕ್ಕೊಬ್ಬರ ಕೈಕೆಳಗೆ ಕೆಲಸ ಕಲಿತಿದ್ದೆ. ಕಲಿತೆ ಎನ್ನುವುದಕ್ಕಿಂತ ಕದ್ದೆ ಎನ್ನಬೇಕು, ಯಾಕೆಂದರೆ ಅವರು ಬಾಯಿಬಿಟ್ಟು ಏನನ್ನೂ ಹೇಳಿಕೊಡುತ್ತಿರಲಿಲ್ಲ. ಮದ್ದೂರಿಗೆ ಬಂದ ಮೇಲೆ ನನ್ನ ಜಂಬಕ್ಕೆ ಮಿತಿ ಇರಲಿಲ್ಲ. ಬೆಳಗ್ಗೆ ಆರಕ್ಕೆ ಬಾಗಿಲು ತೆಗೆಯುತ್ತಿದ್ದೆ, ಕತ್ತಲಾದ ಮೇಲೆ ಹಾಕುತ್ತಿದ್ದೆ. ನನ್ನ ಕೈಗೆ ಬಂದ ಗಾಡಿ ಓಡದೆ ಹಿಂದಿರುಗಿದ್ದಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಓದಿದವರ ಮುಂದೆ ಇನ್ನೂ ಸ್ವಲ್ಪ ಜೋರಾಗಿ ಹೇಳುತ್ತಿದ್ದೆ.

ನನ್ನ ಜಂಬದ ಬೇರು ಒಂದು ಸೈಕಲ್ ಕಡ್ಡಿಯಲ್ಲಿತ್ತು. ಮೋಟಾರ್ ಸೈಕಲ್ಲಿನ ಎಂಜಿನಿನಲ್ಲಿ ಪಿಸ್ಟನ್ನು ಮೇಲಕ್ಕೆ ಬರುತ್ತಿರುವಾಗ, ಪೂರ್ತಿ ಮೇಲೆ ಮುಟ್ಟುವುದಕ್ಕೆ ಒಂದು ಕೂದಲೆಳೆ ಮೊದಲು, ಪ್ಲಗ್ಗಿನಲ್ಲಿ ಕಿಡಿ ಹಾರಬೇಕು. ಆ ಹೊತ್ತು ಹಿಡಿಯುವುದಕ್ಕೆ ಕಂಪನಿಯವರ ಹತ್ತಿರ ಉಪಕರಣವಿರುತ್ತದೆ. ನನ್ನ ಹತ್ತಿರ ಸೈಕಲ್ ಚಕ್ರದ ಕಡ್ಡಿ ಇತ್ತು. ಅದಕ್ಕೆ ಅರದಿಂದ ಎರಡು ಗುರುತು ಹಾಕಿದ್ದೆ. ಪ್ಲಗ್ಗಿನ ತೂತಿನಲ್ಲಿ ಕಡ್ಡಿ ಇಳಿಬಿಟ್ಟು, ಒಂದು ಗುರುತಿನಿಂದ ಇನ್ನೊಂದಕ್ಕೆ ಬರುವ ತನಕ ಎಂಜಿನನ್ನು ಕೈಯಲ್ಲಿ ತಿರುಗಿಸಿ, ಸಿಗರೇಟು ಪ್ಯಾಕಿನ ತೆಳು ಹಾಳೆಯನ್ನು ಕಿಡಿ ಹಾರಿಸುವ ಪಾಯಿಂಟಿನ ನಡುವೆ ಸಿಕ್ಕಿಸಿ ಮೆಲ್ಲಗೆ ಎಳೆಯುವುದು. ಹಾಳೆ ಜಾರಿ ಬಂತೋ, ಕಿಡಿ ಹಾರುವ ಹೊತ್ತು ಅದೇ, ಅಲ್ಲಿಗೆ ಬಿಗಿ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಎರಡು ಸೈಲೆನ್ಸರಿನ ಗಾಡಿಗಳು ಆಗ ಊರ ತುಂಬ ಇದ್ದವು. ಅವೆಲ್ಲ ಆ ಕಡ್ಡಿಯ ಲೆಕ್ಕದ ಮೇಲೆ ಗಡಿಯಾರದ ಹಾಗೆ ಓಡುತ್ತಿದ್ದವು. ಕಡ್ಡಿಯನ್ನು ಯಾರಿಗೂ ಮುಟ್ಟಿಸುತ್ತಿರಲಿಲ್ಲ. ಪಕ್ಕದ ಪಂಕ್ಚರ್ ಅಂಗಡಿಯ ಬೋರ ಒಂದು ದಿನ ಅದರಲ್ಲಿ ಕಿವಿ ತುರಿಸಿಕೊಂಡನೆಂದು ಮೂರು ದಿನ ಅವನ ಜೊತೆ ಮಾತು ಬಿಟ್ಟಿದ್ದೆ.

ಇನ್ನು ಓವರ್‌ಸಿಯರ ವಿಷಯ. ರಂಗಸ್ವಾಮಿ ಎಂದು ಹೆಸರು, ನಾಲೆಯ ಮೇಲ್ವಿಚಾರಣೆಯ ಕೆಲಸ, ಮಳವಳ್ಳಿಯಲ್ಲಿ ಮನೆ. ಅವರ ಹತ್ತಿರ ಒಂದು ವಿಚಿತ್ರ ಗಾಡಿಯಿತ್ತು. ಪರದೇಶದ ಯಾರೋ ಇಂಜಿನಿಯರು ಅಣೆಕಟ್ಟೆಯ ಕೆಲಸಕ್ಕೆ ಬಂದವನು ವಾಪಸು ಹೋಗುವಾಗ ಬಿಟ್ಟುಹೋದದ್ದು. ಆಗಲೇ ಇಪ್ಪತ್ತು ವರ್ಷ ಹಳೆಯದು. ಟಾರು ರಸ್ತೆಗೆ ಮಾಡಿದ್ದಲ್ಲ, ಮಣ್ಣು ದಾರಿಗೆ, ಹಳ್ಳ ದಿಣ್ಣೆಗೆ ಮಾಡಿದ್ದು. ಟೈರಿನಲ್ಲಿ ಹೆಬ್ಬೆರಳು ಗಾತ್ರದ ರಬ್ಬರ್ ಉಬ್ಬು, ನೀರಿಗೆ ಇಳಿದರೂ ಮುಳುಗದಂತೆ ಸೀಟಿನ ಎತ್ತರಕ್ಕೆ ಸಾಗಿದ ಸೈಲೆನ್ಸರು, ಸಣಕಲು ಮೈ. ಮಂಡ್ಯ ಮದ್ದೂರು ಮಳವಳ್ಳಿ ಮೂರೂ ಕಡೆ ಅಂಥದ್ದು ಇನ್ನೊಂದಿರಲಿಲ್ಲ. ಅದರ ಮೇಲೆ ಕುಳಿತು ಅವರು ನಾಲೆಯ ಏರಿಯ ಮೇಲೆ ಹೋಗುತ್ತಿದ್ದರೆ, ಗದ್ದೆಯಲ್ಲಿ ನಾಟಿ ಹಾಕುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನೋಡುತ್ತಿದ್ದರಂತೆ.

ಎಪ್ಪತ್ಮೂರರ ಕೊನೆಯಲ್ಲಿ ಅದರ ಎಂಜಿನಿಗೆ ಕೆಲಸ ಬಂತು. ಮಂಡ್ಯದಲ್ಲಿ ಯಾರೂ ಮುಟ್ಟಲಿಲ್ಲವೆಂದು ನನ್ನ ಹತ್ತಿರ ತಂದರು. ನಾನು ಮುಟ್ಟಿದೆ. ಬಿಚ್ಚಿ, ತೊಳೆದು, ರಿಂಗು ಬದಲಾಯಿಸಿ, ನನ್ನ ಕಡ್ಡಿಯಿಂದ ಕಿಡಿಯ ಹೊತ್ತು ಕೂರಿಸಿ ಕೊಟ್ಟೆ. ಹದಿನೈದು ದಿನ ಬಿಟ್ಟು ಅವರು ಮತ್ತೆ ಬಂದು, ಕಿಕ್ಕು ಹೊಡೆದಾಗ ಒಮ್ಮೊಮ್ಮೆ ಪೆಡಲು ವಾಪಸು ಒದೆಯುತ್ತದೆ ಎಂದು ಪ್ಯಾಂಟು ಮಡಿಸಿ ಮೊಣಕಾಲಿನ ಕೆಳಗಿನ ಗಾಯ ತೋರಿಸಿದರು. ನಾನು ಗಾಡಿಯ ಕಡೆ ತಿರುಗಿಯೂ ನೋಡದೆ, "ಪರದೇಶದ್ದಲ್ವಾ ಸಾರ್, ಗತ್ತು ಜಾಸ್ತಿ. ನಿಮ್ಗೆ ಒಗ್ಗೋಗಂಟ ಒದೀತದೆ" ಎಂದೆ. ಅವರು ನಕ್ಕರು. ಬೋರನೂ ನಕ್ಕ. ನನ್ನ ಮಾತಿಗೆ ನಾನೇ ಮೆಚ್ಚಿಕೊಂಡು ಎಲ್ಲರಿಗಿಂತ ಹೆಚ್ಚು ನಕ್ಕೆ.

ಎಪ್ಪತ್ನಾಲ್ಕರ ಬೇಸಿಗೆಯ ಬೆಳೆಗೆ ನಾಲೆಯಲ್ಲಿ ತುಂಬ ನೀರು ಬಿಟ್ಟಿದ್ದಾಗ ಅವರು ಸತ್ತರು. ಚಿಕ್ಕರಸಿನಕೆರೆಯಿಂದ ಮುಂದೆ, ಒಂದು ತೂಬಿನ ಹತ್ತಿರ, ಮಧ್ಯಾಹ್ನ ಹನ್ನೆರಡರ ಸುಮಾರಿಗೆ. ಗಾಡಿಯೂ ಅವರೂ ಒಟ್ಟಿಗೇ ನೀರಿನಲ್ಲಿ ಸಿಕ್ಕಿದರು. ಈಜು ಬಲ್ಲವರು. ಆದ್ದರಿಂದ ಬೇಕೆಂದೇ ಬಿದ್ದಿದ್ದಾರೆ ಎಂದು ಕಚೇರಿಯ ಕಡೆ ಮಾತಾಯಿತು. ಊರ ಕಡೆಯ ಮಾತು ಬೇರೆ. ನಾಲೆಯ ಆಚೆ ದಡದಲ್ಲಿ ಹುಲ್ಲು ಕೊಯ್ಯುತ್ತಿದ್ದ ಒಬ್ಬ ಹೆಂಗಸು ಕಣ್ಣಾರೆ ನೋಡಿದ್ದಳು. ತೂಬು ನೋಡಿ ಬಂದ ಓವರ್‌ಸಿಯರು ನಾಲೆಗೆ ಬೆನ್ನು ಮಾಡಿ ನಿಂತಿದ್ದ ಗಾಡಿಯ ಮೇಲೆ ಕುಳಿತರು, ಸ್ಟಾರ್ಟ್ ಮಾಡಿದರು, ಮುಖ ಊರಿನ ಕಡೆಗೇ ಇತ್ತು, ಗಾಡಿ ಮಾತ್ರ ಹಿಂದಕ್ಕೆ ಹೋಯಿತು ಎಂದು ಅವಳು ಹೇಳಿದಳು. ಅವಳು ಆಡಿದ ಮಾತು ಮದ್ದೂರಿನ ಸಂತೆಯವರೆಗೂ ಬಂದಿತ್ತು: "ಮೊಕ ಮುಂದ್ಕೇ ಇತ್ತು ಕಣ್ರಪ್ಪ. ಯಾರೋ ಸೀಟಿಡ್ಕಂಡು ಇಂದುಕ್ ಎಳುದ್ರು. ಆವಯ್ಯ ಬಾಯ್ ಬುಟ್ಕಂಡೇ ಓದ, ಒಂದ್ ಕೂಗೂ ಕೂಗ್ನಿಲ್ಲ."

ಆಮೇಲೆ ಆ ಏರಿಯ ಮೇಲೆ ಮಟಮಟ ಮಧ್ಯಾಹ್ನ ಒಬ್ಬೊಬ್ಬರೇ ಹೋಗುವುದು ನಿಂತಿತು. ಎಮ್ಮೆ ಕೂಡ ಅಲ್ಲಿ ನೀರಿಗೆ ಇಳಿಯುವುದಿಲ್ಲ ಎಂದು ಹೇಳುತ್ತಿದ್ದರು. ನಾನು ಕೇಳಿ ನಕ್ಕಿದ್ದೆ. ಗಾಡಿಗೆ ಹಿಂದಕ್ಕೆ ಹೋಗುವ ಗೇರೇ ಇಲ್ಲ, ಇನ್ನು ಹೋಗುವುದೆಲ್ಲಿಂದ ಎಂದು ಬೋರನಿಗೆ ಪಾಠ ಹೇಳಿದ್ದೆ. ಅದಕ್ಕೇ ಅಲ್ವಾ ಎಳೆದರು ಅನ್ನೋದು ಎಂದು ಬೋರ ಹೇಳಿದ್ದ. 

ಎರಡು ವರ್ಷ ಕಳೆದ ಮೇಲೆ, ಒಂದು ಬೆಳಗ್ಗೆ ನನ್ನ ಅಂಗಡಿಯ ಮುಂದೆ ಟ್ರ್ಯಾಕ್ಟರೊಂದು ನಿಂತಿತು. ಹಿಂದಿನ ಟ್ರೈಲರಿನಲ್ಲಿ ಹುಲ್ಲಿನ ಮೇಲೆ ಆ ಗಾಡಿ ಮಲಗಿತ್ತು. ಮಳವಳ್ಳಿಯ ಬಸ್ಸಿನಲ್ಲಿ ಓವರ್‌ಸಿಯರ ಹೆಂಡತಿ ಸಾವಿತ್ರಮ್ಮ ಬಂದಿಳಿದರು. ನಲವತ್ತರ ಒಳಗಿನ ವಯಸ್ಸು, ಮಾತು ಕಡಿಮೆ. ನಾಲೆಯಿಂದ ಎತ್ತಿದ ದಿನದಿಂದ ಅದನ್ನು ಮನೆಯ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ಇಟ್ಟಿದ್ದರಂತೆ. ಓಡುವ ಹಾಗೆ ಮಾಡಿಕೊಡಬೇಕು ಎಂದರು. ಮಾರುವುದಕ್ಕೋ ಎಂದು ಕೇಳಿದೆ. ಅಲ್ಲ ಎಂದರು. ಬೋರ ಕೇಳಿಸಿಕೊಳ್ಳುತ್ತಿದ್ದಾನೆ ಎಂಬುದನ್ನೂ ಲೆಕ್ಕಿಸದೆ ಹೇಳಿಬಿಟ್ಟರು.

"ಅವತ್ತು ಬೆಳಗ್ಗೆ ನಮಗೆ ಜಗಳ ಆಗಿತ್ತು ಸಿದ್ದೇಗೌಡ್ರೇ. ದಿನಾ ನಾಲೆ ನಾಲೆ ಅಂತ ಸಾಯ್ತೀರಲ್ಲ, ಹೋಗಿ ಅದರಲ್ಲೇ ಬಿದ್ಕೊಳ್ಳಿ ಅಂದೆ. ಮಧ್ಯಾಹ್ನಕ್ಕೆ ಸುದ್ದಿ ಬಂತು. ಬೇಕಂತಲೇ ಬಿದ್ದಿದ್ರೂ ನನ್ನ ಮಾತಿಗೆ ಬಿದ್ದಿದ್ದಾರೆ. ಯಾವುದೋ ಎಳೆದಿದ್ರೂ ನನ್ನ ಮಾತು ಕೇಳಿಸಿಕೊಂಡೇ ಎಳೆದಿದೆ. ಗಾಡೀದೇ ತಪ್ಪು ಇದ್ರೆ ಮಾತ್ರ ಬೇರೆ. ಅದು ನನಗೆ ಗೊತ್ತಾಗಬೇಕು. ಏನೂ ಬದಲಾಯಿಸಬೇಡಿ. ಹೋದ ಸಲ ಹೇಗೆ ಕಟ್ಟಿದ್ರೋ ಹಾಗೇ ಕಟ್ಟಿ."

ಹೋದ ಸಲ ಹೇಗೆ ಕಟ್ಟಿದ್ದೆನೋ ಹಾಗೇ. ಆ ಮಾತು ಕೇಳಿ ನನಗೆ ಒಳಗೊಳಗೇ ಹೆಮ್ಮೆಯಾಯಿತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ನನ್ನ ಕೆಲಸದಲ್ಲಿ ತಪ್ಪಿರಲು ಸಾಧ್ಯವಿಲ್ಲ, ಆದ್ದರಿಂದ ಗಾಡಿ ಸರಿಯಾಗಿಯೇ ಓಡುತ್ತದೆ, ಪಾಪ ಈ ಹೆಂಗಸಿಗೆ ಸಮಾಧಾನ ಸಿಗುವುದಿಲ್ಲ ಎಂದುಕೊಂಡೆ. ನನ್ನ ಜಂಬಕ್ಕೆ ಅವರ ಬಗ್ಗೆ ಅಷ್ಟು ಮಾತ್ರ ಕನಿಕರವಿತ್ತು.

ಬೋರ ತನ್ನ ಅಂಗಡಿಯ ಕಡೆ ಅದನ್ನು ನಿಲ್ಲಿಸಲು ಬಿಡಲಿಲ್ಲ. "ಲೇ ಸಿದ್ದ, ಅದ್ನ ನನ್ ಗ್ವಾಡೆ ಕಡೀಕ್ ತರಬ್ಯಾಡ ಕಣ್ಲಾ. ಅದ್ರ ಕಣ್ ನೋಡ್ಲಾ" ಎಂದ. ಕಣ್ಣು ಎಂದದ್ದು ಹೆಡ್‌ಲೈಟನ್ನು. ಗಾಜಿನ ಒಳಗೆ ನೀರು ನಿಂತು ಇಂಗಿ, ನಾಲೆಯ ಬೂದು ಮಣ್ಣು ಅರ್ಧದವರೆಗೆ ಗೆರೆ ಕಟ್ಟಿತ್ತು. ಅರೆಗಣ್ಣು ಮುಚ್ಚಿ ನೋಡುತ್ತಿರುವ ಹಾಗೆಯೇ ಕಾಣುತ್ತಿತ್ತು. ನಾನು ಮೊದಲ ಕೆಲಸವಾಗಿ ಅದಕ್ಕೆ ಗೋಣಿಚೀಲ ಮುಚ್ಚಿದೆ. ಧೂಳು ಕೂರದಿರಲಿ ಎಂದು, ಮತ್ತೇನಿಲ್ಲ.

ಬಿಚ್ಚುವುದಕ್ಕೆ ಕುಳಿತಾಗ ಮೊದಲು ಕಂಡದ್ದು ಗೇರು. ಒಂದನೆಯ ಗೇರಿನಲ್ಲಿ ಇತ್ತು. ಸಾಯಬೇಕೆಂದು ಹೊರಟವನು ಗಾಡಿಯನ್ನು ನೀರಿಗೆ ಮುಖ ಮಾಡಿಸಿ ಓಡಿಸುತ್ತಾನೆ, ಊರಿಗೆ ಮುಖ ಮಾಡಿ ಒಂದನೆಯ ಗೇರು ಹಾಕುತ್ತಾನೆಯೇ? ಇದು ಮನೆಗೆ ಹೊರಟವನ ಗೇರು. ಆದರೆ ಬೇಕೆಂದೇ ಬಿದ್ದಿಲ್ಲವಾದರೆ ಉಳಿಯುವುದು ಆ ಹುಲ್ಲು ಕೊಯ್ಯುವವಳ ಮಾತು ಒಂದೇ.

ಸೈಲೆನ್ಸರನ್ನು ಕಳಚಿ ಕಲ್ಲಿಗೆ ತಟ್ಟಿದೆ. ಒಣಗಿದ ಕೆಸರು ಉದುರಿತು, ಅದರ ಹಿಂದೆಯೇ ಸಣ್ಣ ಸಣ್ಣ ಬಸವನಹುಳುವಿನ ಚಿಪ್ಪು. ಒಂದರ ಹಿಂದೆ ಒಂದು, ಎಣಿಸಿ ಕೊಟ್ಟ ಹಾಗೆ. ಬಗ್ಗಿ ನೋಡಿದರೆ ಮುಗಿದಿದೆ, ತಟ್ಟಿದರೆ ಇನ್ನೊಂದು. ಕೊನೆಗೆ ತಟ್ಟುವುದನ್ನು ನಾನೇ ನಿಲ್ಲಿಸಿದೆ.

ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡು ಅಲ್ಲಾಡುತ್ತಿರಲಿಲ್ಲ. ಹೊಡೆದು ಬಿಡಿಸಿದರೆ ಒಡೆಯುತ್ತದೆ. ಬೇರೆ ತರಿಸಲು ಆ ಗಾಡಿಯ ದೇಶ ಯಾವುದೆಂದೂ ನನಗೆ ಗೊತ್ತಿರಲಿಲ್ಲ. ಪ್ಲಗ್ಗಿನ ತೂತಿನಲ್ಲಿ ಸೀಮೆಎಣ್ಣೆ ತುಂಬಿ, ಕಿಕ್ಕಿನ ಪೆಡಲಿಗೆ ಹಗ್ಗದಲ್ಲಿ ಎರಡು ಇಟ್ಟಿಗೆ ಕಟ್ಟಿ ತೂಗುಬಿಟ್ಟೆ. ಕಬ್ಬಿಣದ ಜೊತೆ ಜಗಳವಾಡಬಾರದು, ಅದಕ್ಕೇ ಬೇಸರವಾಗುವ ತನಕ ಕಾಯಬೇಕು ಎಂಬುದು ಉಸ್ತಾದರಿಂದ ಕದ್ದ ಪಾಠ. ದಿನಾ ಸೀಮೆಎಣ್ಣೆ ಬದಲಾಯಿಸುತ್ತಿದ್ದೆ, ಬೇರೆ ಕೆಲಸ ನೋಡುತ್ತಿದ್ದೆ. ಒಂಬತ್ತನೆಯ ದಿನ ಮಧ್ಯಾಹ್ನ ನಾನೂ ಬೋರನೂ ಅಂಗಡಿಯ ನೆರಳಿನಲ್ಲಿ ಊಟಕ್ಕೆ ಕುಳಿತಿದ್ದೆವು. ರಸ್ತೆಯಲ್ಲಿ ಒಂದು ಗಾಡಿಯೂ ಇರಲಿಲ್ಲ, ಎಲೆ ಅಲುಗುತ್ತಿರಲಿಲ್ಲ. ಒಳಗೆ ಟಕ್ ಎಂದಿತು. ಪೆಡಲು ತಾನಾಗಿಯೇ ಮೆಲ್ಲಗೆ ಕೆಳಗಿಳಿಯಿತು, ಯಾರೋ ಕಾಲಿಟ್ಟು ಅದುಮಿದ ಹಾಗೆ. ಎಂಜಿನಿನ ಬಾಯಿಂದ ದೀರ್ಘವಾಗಿ ಒಂದು ಉಸಿರು ಹೊರಬಂತು. ಅದರ ಜೊತೆ ನಾಲೆಯ ವಾಸನೆ, ಪಾಚಿಯದು, ತಣ್ಣಗಿನ ಕೆಸರಿನದು, ನಮ್ಮ ತಟ್ಟೆಯ ತನಕ ಬಂತು.

ಬೋರ ಮುದ್ದೆಯ ತುತ್ತು ಕೈಯಲ್ಲಿ ಹಿಡಿದವನು ಹಾಗೆಯೇ ತಟ್ಟೆಗೆ ಇಟ್ಟ. ಇಟ್ಟಿಗೆಯ ಭಾರಕ್ಕೆ ಪಿಸ್ಟನ್ನು ಬಿಟ್ಟುಕೊಂಡಿದೆ, ಒಳಗಿನ ಗಾಳಿ ಹೊರಬಂದಿದೆ ಎಂದು ನಾನು ವಿವರಿಸಿದೆ. ವಿವರಣೆ ಸರಿಯಾಗಿಯೇ ಇತ್ತು. ಊಟ ಮಾತ್ರ ನನಗೂ ಸೇರಲಿಲ್ಲ.

ಅಲ್ಲಿಂದ ಮುಂದೆ ಕೆಲಸ ಹಿಡಿಯಿತು. ಸಿಲಿಂಡರನ್ನು ಉಜ್ಜಿ ನುಣುಪು ಮಾಡಿದೆ, ಹೊಸ ರಿಂಗು ಹಾಕಿದೆ, ಬೇರಿಂಗು ಮೈಸೂರಿನಿಂದ ತಂದೆ, ಕ್ರ್ಯಾಂಕನ್ನು ಮಂಡ್ಯದ ಲೇತಿನಲ್ಲಿ ನೆಟ್ಟಗೆ ಮಾಡಿಸಿದೆ, ಕಾರ್ಬೊರೇಟರಿನ ಸಂದಿಯ ಮಣ್ಣನ್ನು ಹೆಂಡತಿಯ ಕೂದಲಿನ ಪಿನ್ನಿನಿಂದ ತೆಗೆದೆ. ಪಿನ್ನು ಹಾಳಾಯಿತೆಂದು ಅವಳು ಬೈದದ್ದು ಬೇರೆ ಕತೆ. ಕೊನೆಗೆ ನನ್ನ ಕಡ್ಡಿ ತೆಗೆದೆ. ಅದೇ ಕಡ್ಡಿ, ಅದೇ ಎರಡು ಗುರುತು, ಅದೇ ಸಿಗರೇಟು ಹಾಳೆ. ಹಾಳೆ ಜಾರಿ ಬಂತು. ಬಿಗಿ ಮಾಡಿದೆ. ಹೋದ ಸಲ ಹೇಗೋ ಹಾಗೇ.

ಸಾವಿತ್ರಮ್ಮನವರಿಗೆ ಕಾಗದ ಬರೆಸಿ ಹಾಕಿದೆ. ಹೇಳಿದ ದಿನ ಬೆಳಗಿನ ಹನ್ನೊಂದಕ್ಕೆ ಬಂದರು. ಗಾಡಿಯನ್ನು ಅಂಗಳದಲ್ಲಿ ರಸ್ತೆಗೆ ಮುಖ ಮಾಡಿ ನಿಲ್ಲಿಸಿದ್ದೆ. ಹಿಂದೆ ಎಂಟು ಹತ್ತು ಅಡಿ ಬಿಟ್ಟು ಬೋರನ ಹಳೆಯ ಟೈರುಗಳ ರಾಶಿ. ಎಂಜಿನು ಕಟ್ಟಿದ ಯಾವ ಗಾಡಿಯನ್ನೂ ನಾನು ಪೂಜೆಯಿಲ್ಲದೆ ಹೊರಡಿಸುವುದಿಲ್ಲ. ಕರ್ಪೂರ ಬೆಳಗಿ, ಮುಂದಿನ ಚಕ್ರದ ಮುಂದೆ ಕುಂಕುಮ ಹಚ್ಚಿದ ನಿಂಬೆಹಣ್ಣು ಇಟ್ಟೆ. ಗಾಡಿ ಮೊದಲು ಅದರ ಮೇಲೆ ಹತ್ತಿ ಅಪ್ಪಚ್ಚಿ ಮಾಡಿ ಹೋಗಬೇಕು, ಅದು ಪದ್ಧತಿ. ಸಾವಿತ್ರಮ್ಮ ರಸ್ತೆಯಂಚಿನ ಲೈಟುಕಂಬದ ಪಕ್ಕ ನಿಂತಿದ್ದರು. ಬೋರ ತನ್ನ ಅಂಗಡಿಯ ಮೆಟ್ಟಿಲ ಮೇಲೆ, ಎದ್ದು ಓಡಲು ಅನುಕೂಲವಾಗುವ ಹಾಗೆ ಕುಕ್ಕರುಗಾಲಿನಲ್ಲಿ ಕುಳಿತಿದ್ದ.

ಗಾಡಿಯ ಮೇಲೆ ಕುಳಿತೇ ಕಿಕ್ಕು ಹೊಡೆದೆ. ಕಾಲಿನಲ್ಲಿ ಹವಾಯಿ ಚಪ್ಪಲಿ, ಅದರಲ್ಲಿ ಎಣ್ಣೆ. ಪೆಡಲು ಅರ್ಧ ಇಳಿಯುವಷ್ಟರಲ್ಲಿ ಚಪ್ಪಲಿ ಜಾರಿತು, ಪೆಡಲು ಎಗರಿ ನನ್ನ ಕಾಲಿಗೆ ಒದೆಯಿತು. ಕಣ್ಣಲ್ಲಿ ನೀರು ಬಂತು. ಆದರೆ ಎಂಜಿನು ಹತ್ತಿಕೊಂಡಿತ್ತು. ಎರಡು ವರ್ಷದ ಮೇಲೆ, ಒಂದೇ ಕಿಕ್ಕಿಗೆ. ಸದ್ದಿನಲ್ಲಿ ಯಾವ ಊನವೂ ಇರಲಿಲ್ಲ, ಸ್ವಲ್ಪ ಗೊರಗೊರ ಇತ್ತು, ಹೊಸ ರಿಂಗು ಕೂರುವ ತನಕ ಹಾಗಿರುತ್ತದೆ ಎಂದುಕೊಂಡೆ. ಸಾವಿತ್ರಮ್ಮನವರ ಕಡೆ ನೋಡಿ, ನೋಡಿದಿರಾ ಎನ್ನುವ ಹಾಗೆ ತಲೆ ಆಡಿಸಿದೆ. ಒಂದನೆಯ ಗೇರು ಹಾಕಿದೆ. ಕ್ಲಚ್ಚು ಬಿಟ್ಟೆ.

ಗಾಡಿ ಹಿಂದಕ್ಕೆ ಹೋಯಿತು.

ಜಾರಿ ಹೋದದ್ದಲ್ಲ. ಎಂಜಿನಿನ ಪೂರಾ ಬಲದಿಂದ, ಸೀಟನ್ನು ಯಾರೋ ಎರಡು ಕೈಯಲ್ಲಿ ಹಿಡಿದು ಎಳೆದ ಹಾಗೆ ಹೋಯಿತು. ನನ್ನ ಮುಖ ರಸ್ತೆಯ ಕಡೆಗೇ ಇತ್ತು. ಕಂಬ ನನ್ನಿಂದ ದೂರವಾಗುತ್ತಿತ್ತು, ಸಾವಿತ್ರಮ್ಮ ದೂರವಾಗುತ್ತಿದ್ದರು. ಕೂಗಬೇಕೆಂದು ಬಾಯಿ ತೆರೆದೆ, ಸ್ವರ ಹೊರಡಲಿಲ್ಲ. ಇಳಿಯಬೇಕು, ಬ್ರೇಕು ಹಿಡಿಯಬೇಕು, ಕ್ಲಚ್ಚು ಒತ್ತಬೇಕು, ಯಾವುದೂ ಹೊಳೆಯಲಿಲ್ಲ. ಹದಿನೈದು ವರ್ಷದಿಂದ ಮುಂದಕ್ಕೆ ಹೋಗುವುದನ್ನೇ ಕಲಿತ ಕೈಕಾಲು ಕಲ್ಲಾಗಿದ್ದವು. ಬೆನ್ನು ಟೈರಿನ ರಾಶಿಗೆ ಬಡಿಯಿತು. ಗಾಡಿ ಅಡ್ಡ ಬಿದ್ದು ನನ್ನ ಎಡಗಾಲನ್ನು ಅಡಿಗೆ ಹಾಕಿಕೊಂಡಿತು. ಹಿಂದಿನ ಚಕ್ರ ಇನ್ನೂ ಉಲ್ಟಾ ತಿರುಗುತ್ತಲೇ ಇತ್ತು.

ಬೋರ ಓಡಿಹೋಗಲಿಲ್ಲ, ಅದನ್ನು ನಾನು ಸಾಯುವ ತನಕ ನೆನೆಯಬೇಕು. ಬಂದು, ಪ್ಲಗ್ಗಿನ ವಯರು ಕಿತ್ತ. ಸದ್ದು ನಿಂತಿತು. ಅಂಗಳದಲ್ಲಿ ಹೊಗೆ ತೇಲುತ್ತಿತ್ತು. ಗಾಡಿ ನಿಂತಿದ್ದ ಜಾಗದಲ್ಲಿ ನಿಂಬೆಹಣ್ಣು ಇಟ್ಟದ್ದು ಇಟ್ಟ ಹಾಗೆಯೇ ಇತ್ತು, ಕುಂಕುಮ ಕೂಡ ಅಳಿಸಿರಲಿಲ್ಲ.

ಸಾವಿತ್ರಮ್ಮ ಬಂದು ಮಣ್ಣಿನ ಮೇಲಿನ ಚಕ್ರದ ಗುರುತನ್ನು ಬಗ್ಗಿ ನೋಡಿದರು. ನಿಂಬೆಹಣ್ಣಿನಿಂದ ಟೈರಿನ ರಾಶಿಯ ತನಕ ಆ ಗುರುತಿನ ಪಕ್ಕದಲ್ಲೇ ನಡೆದರು. ಆಮೇಲೆ ನನ್ನ ಕಡೆ ತಿರುಗಿ, "ಯಾರೂ ಎಳೀಲಿಲ್ಲ ತಾನೆ ನಿಮ್ಮನ್ನ?" ಎಂದು ಕೇಳಿದರು.

ಇಲ್ಲ ಎನ್ನಬೇಕಿತ್ತು. ಗೊತ್ತಿಲ್ಲ ಅಮ್ಮಾವ್ರೇ ಎಂದೆ. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅವರು ಬಸ್ಸಿಗೆ ಹೋದರು. ಆ ನಿಂಬೆಹಣ್ಣನ್ನು ಮುಟ್ಟಲು ಯಾರಿಗೂ ಧೈರ್ಯವಾಗಲಿಲ್ಲ. ಬೋರನೇ ಸಂಜೆ ಉದ್ದನೆಯ ಕೋಲಿನಲ್ಲಿ ದೂರದಿಂದ ತಳ್ಳಿಕೊಂಡು ಹೋಗಿ ಚರಂಡಿಗೆ ಬೀಳಿಸಿದ.

ಮರುದಿನ ಕುಂಟುತ್ತ ಮಂಡ್ಯಕ್ಕೆ ಹೋದೆ. ಉಸ್ತಾದರಿಗೆ ಆಗ ಕಣ್ಣು ಮಂಜಾಗಿತ್ತು, ಅಂಗಡಿಯಲ್ಲಿ ಸುಮ್ಮನೆ ಕುಳಿತಿರುತ್ತಿದ್ದರು. ನಡೆದದ್ದೆಲ್ಲ ಹೇಳಿದೆ. ದೆವ್ವ ಎಂಬ ಮಾತನ್ನು ನಾನು ಆಡಲಿಲ್ಲ, ಆದರೆ ಅವರಿಗೆ ನನ್ನ ದನಿಯಲ್ಲೇ ತಿಳಿದಿರಬೇಕು. ಹಲ್ಲಿಲ್ಲದ ಬಾಯಲ್ಲಿ ನಕ್ಕರು.

"ಎರಡು ಸ್ಟ್ರೋಕಿನ ಎಂಜಿನ್‌ಗೆ ಮುಂದೆ ಹಿಂದೆ ಗೊತ್ತಿಲ್ಲ ಬೇಟಾ. ಅದು ತಿರುಗ್ತದೆ, ಅಷ್ಟೆ. ಯಾವ ಕಡೆಗೆ ಅಂತ ನೀನು ಹೇಳ್ಬೇಕು. ಕಿಡಿ ಬೇಗ ಬಿತ್ತು, ಕಿಕ್ಕು ಅರ್ಧಕ್ಕೆ ಬಿಟ್ಟೆ ಅಂದ್ರೆ ಪಿಸ್ಟನ್ ವಾಪಸ್ ಬೀಳ್ತದೆ. ಹಂಗೇ ಉಲ್ಟಾ ಸುತ್ತಕ್ಕೆ ಶುರು. ಸದ್ದೆಲ್ಲ ಒಂದೇ ಇರ್ತದೆ. ಕಿಡಿ ಟೈಮಿಂಗ್ ಯಾತ್ರಲ್ಲಿ ಇಟ್ಟೆ?"

ಜೇಬಿನಿಂದ ಕಡ್ಡಿ ತೆಗೆದು ಕೊಟ್ಟೆ. ಬೆರಳಿನಿಂದ ಎರಡು ಗುರುತನ್ನೂ ಸವರಿ ನೋಡಿದರು. ಆ ಗಾಡಿಯಲ್ಲಿ ಪ್ಲಗ್ಗಿನ ತೂತು ನೆಟ್ಟಗಿದೆಯೋ ಓರೆಯಾಗಿದೆಯೋ ಎಂದು ಕೇಳಿದರು. ಓರೆ ಎಂದೆ. ಈ ಗುರುತು ಯಾವ ಗಾಡಿಗೆ ಹಾಕಿದ್ದು ಎಂದರು. ಮೈಸೂರು ಗಾಡಿಗೆ ಎಂದೆ. ಕಡ್ಡಿಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.  ಒಂದೊಂದು ಎಂಜಿನಿಗೆ ಒಂದೊಂದು ಅಳತೆ, ಓರೆ ತೂತಿನಲ್ಲಿ ಇಳಿದ ಕಡ್ಡಿಯ ಲೆಕ್ಕವೇ ಬೇರೆ; ಮೈಸೂರು ಗಾಡಿಯ ಗುರುತಿಗೆ ಈ ಗಾಡಿಯಲ್ಲಿ ಕಿಡಿ ಬೇಗ ಬಿದ್ದಿತ್ತು. ಮೂರು ವರ್ಷದ ಹಿಂದೆಯೂ ನಾನು ಅದೇ ಕಡ್ಡಿ ಇಳಿಸಿದ್ದೆ. ಪೆಡಲು ಒದೆಯುತ್ತದೆ ಎಂದು ಒಬ್ಬ ಮನುಷ್ಯ ಗಾಯ ತೋರಿಸಿದಾಗ ನಕ್ಕಿದ್ದೆ.

ಮಳವಳ್ಳಿಗೆ ಹೋಗಬೇಕೋ ಬೇಡವೋ ಎಂದು ಎರಡು ದಿನ ಕಳೆದೆ. ಹೋಗದಿದ್ದರೆ ನನ್ನ ಹೆಸರು ಉಳಿಯುತ್ತಿತ್ತು. ನಾಲೆಯಲ್ಲಿ ಏನೋ ಇದೆ ಎಂದು ಊರೆಲ್ಲ ಒಪ್ಪಿಕೊಂಡಿತ್ತು, ನನ್ನ ಅಂಗಳದ ಸುದ್ದಿ ಅದಕ್ಕೆ ಇನ್ನೊಂದು ಸಾಕ್ಷಿಯಾಗಿ ಹಬ್ಬಿತ್ತು. ಗಾಡಿಗೆ ನಾಲೆಯಿಂದ ಯಾರೋ ಅಂಟಿಕೊಂಡು ಬಂದಿದ್ದಾರೆ ಎಂದು ಜನ ಅಂಗಡಿಯ ಮುಂದೆ ನಿಂತು ನೋಡಿ ಹೋಗುತ್ತಿದ್ದರು. ದೆ‌ವ್ವದ ಮೇಲೆ ಹಾಕಿದರೆ ಅದು ಬಂದು ಅಲ್ಲಗಳೆಯುವುದಿಲ್ಲ. ಆದರೆ ಕೊಟ್ಟಿಗೆಯಲ್ಲಿ ಗಾಡಿ ಇಟ್ಟುಕೊಂಡು, ತನ್ನ ಒಂದು ಬೆಳಗಿನ ಮಾತನ್ನು ಎರಡು ವರ್ಷ ಹೊತ್ತ ಆ ಹೆಂಗಸು ಮಣ್ಣಿನ ಮೇಲಿನ ಗುರುತಿನ ಪಕ್ಕ ನಡೆದದ್ದು ಕಣ್ಣಿನಿಂದ ಹೋಗಲಿಲ್ಲ. ಮೂರನೆಯ ದಿನ ಬಸ್ಸು ಹತ್ತಿದೆ.

ಸಾವಿತ್ರಮ್ಮ ಹಜಾರದಲ್ಲಿ ಮೊರದ ಮುಂದೆ ಕುಳಿತು ಅಕ್ಕಿಯ ಕಲ್ಲು ಆರಿಸುತ್ತಿದ್ದರು. ಕೂರಲು ಹೇಳಿದರೂ ಕೂರಲಿಲ್ಲ. ಕಡ್ಡಿ ತೆಗೆದು ತೋರಿಸಿ, ಉಸ್ತಾದರು ಹೇಳಿದ್ದನ್ನೆಲ್ಲ ಹೇಳಿದೆ. ಪಾಠ ಒಪ್ಪಿಸುವ ಹುಡುಗನ ಹಾಗೆ ಹೇಳಿದ್ದಿರಬೇಕು, ಯಾಕೆಂದರೆ ನನ್ನ ಕಣ್ಣಿಗೆ ಶಾಲೆಯ ಬೆಂಚು ಕಟ್ಟಿತ್ತು. ಕೊನೆಗೆ, "ನಿಮ್ ಮಾತಲ್ಲ ಅಮ್ಮಾವ್ರೇ. ನಾಲೇದೂ ಅಲ್ಲ. ನನ್ ಕೈ" ಎಂದೆ.

ಅವರ ಬೆರಳು ಅಕ್ಕಿಯ ಮೇಲೆ ನಿಂತವು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಕೇಳಿದರು: "ಪೂರ್ತಿ ಕಿಕ್ಕು ಹೊಡೆದಿದ್ರೆ ಮುಂದಕ್ಕೇ ಹೋಗ್ತಿತ್ತು ತಾನೆ?"

ಹೌದು ಎಂದೆ.

"ಅವರು ಯಾವತ್ತೂ ಎದ್ದು ನಿಂತೇ ಹೊಡೀತಿದ್ದರು. ಅವತ್ತು ಮನಸ್ಸು ಸರಿ ಇರಲಿಲ್ಲ, ಕೂತೇ ಅರ್ಧಂಬರ್ಧ ಹೊಡೆದಿದ್ದಾರೆ. ಅದು ನನ್ನದು. ಪೂರ್ತಾ ನೀವೇ ತಗೊಂಡು ಹೋದ್ರೆ ಹೇಗೆ ಸಿದ್ದೇಗೌಡ್ರೇ? ಅರ್ಧ ನಿಮ್ಮದು, ಅರ್ಧ ನಂದು." ಮತ್ತೆ ಅಕ್ಕಿಗೆ ಕೈ ಹಾಕಿದರು. ಒಂದು ಕಲ್ಲು ಸಿಕ್ಕಿತು, ತೆಗೆದು ಪಕ್ಕಕ್ಕೆ ಇಟ್ಟರು. "ಬೇಕಂತ ಬಿದ್ದಿಲ್ಲ. ಮನೆಗೆ ಬರ್ತಿದ್ದರು. ನನಗೆ ಅಷ್ಟು ಸಾಕು."

ಕಾಫಿ ಕೊಟ್ಟರು. ಕುಡಿದೆ. ಗಾಡಿಯನ್ನು ಏನು ಮಾಡಲಿ ಎಂದು ಕೇಳಿದೆ. ಸರಿ ಮಾಡಿ ನೀವೇ ಇಟ್ಟುಕೊಳ್ಳಿ, ಮಾರಬೇಡಿ ಎಂದರು.

ಸರಿ ಮಾಡಿದೆ. ಬೇರೊಂದು ಕಡ್ಡಿಗೆ ಓರೆ ತೂತಿನ ಅಳತೆಯ ಗುರುತು ಹಾಕಿದೆ. ಇನ್ನೊಂದು ನಿಂಬೆಹಣ್ಣು ಇಟ್ಟೆ, ಗಾಡಿ ಅದರ ಮೇಲೆ ಹತ್ತಿ ಮುಂದಕ್ಕೆ ಹೋಯಿತು. ಆಮೇಲೆ ಬೇಕೆಂದೇ ಅರ್ಧ ಕಿಕ್ಕು, ಕಾಲು ಕಿಕ್ಕು ಎಷ್ಟೋ ಸಲ ಹೊಡೆದು ನೋಡಿದ್ದೇನೆ, ಹಿಂದಕ್ಕೆ ಹೋಗಿಲ್ಲ. ಕಾರಣವೆಲ್ಲ ನನಗೆ ಗೊತ್ತು, ಯಾರು ಕೇಳಿದರೂ ಬಿಡಿಸಿ ಹೇಳುತ್ತೇನೆ. ಪೆಡಲು ಒದೆಯುತ್ತದೆ ಎಂದು ಯಾರಾದರೂ ಬಂದರೆ ಕೈಯಲ್ಲಿರುವ ಕೆಲಸ ಬಿಟ್ಟು ಏಳುತ್ತೇನೆ. ಆದರೂ ಎಂಜಿನು ಹತ್ತಿಕೊಂಡು, ಗೇರಿನ ಮೇಲೆ ಕಾಲಿಟ್ಟ ಆ ಗಳಿಗೆಯಲ್ಲಿ, ಸೀಟಿನ ಹಿಂದೆ ಎರಡು ಕೈ ಇದ್ದ ಹಾಗಾಗುತ್ತದೆ. ಕತ್ತು ತಿರುಗಿಸಿ ನೋಡುತ್ತೇನೆ. ಗೋಡೆ ಇರುತ್ತದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಎರಡು ಬಾಗಿಲಿನ ಅಂಗಡಿ ಒಂದು. ಸ್ಪ್ಯಾನರು ನಲವತ್ತೆರಡು. ಗುರುತು ಹಾಕಿದ ಸೈಕಲ್ ಕಡ್ಡಿ ಹನ್ನೊಂದು, ಒಂದೊಂದು ಗಾಡಿಗೆ ಒಂದೊಂದು. ಮಾರಾಟಕ್ಕಿಲ್ಲದ ಮಣ್ಣು ದಾರಿಯ ಗಾಡಿ ಒಂದು. ತಪ್ಪು, ಅರ್ಧ.